ಅಕ್ಕನ ಬಡ್ತಿ ಬೇಡವೆಂದ ಪತ್ರ

ಬಡ್ತಿ ಸಿಕ್ಕವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಮಧುಗಿರಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪಂಕ್ಚರ್ ಅಂಗಡಿ. ಎದುರಿನ ಕಂಬಕ್ಕೆ ಆಗಾಗ ಫ್ಲೆಕ್ಸ್ ಏರುತ್ತದೆ. ಶಾಲು, ಹಾರ, ಕೈಮುಗಿದ ನಗು. ನಿನ್ನೆಯವರೆಗೆ ಫೈಲು ಹೊರುತ್ತಿದ್ದವನು ಇವತ್ತು ಹೊರಿಸುವವನಾದ ಎಂದು ಊರಿಗೆಲ್ಲ ತಿಳಿಯಬೇಕಲ್ಲ. ಗಾಳಿಗೆ ಹರಿದು ಬಿದ್ದ ಮೇಲೆ ಆ ನಗುವನ್ನು ಹಳೇ ಟೈರುಗಳ ಮೇಲೆ ಹೊದಿಸುತ್ತೇನೆ.

ನಾನು ಏಳನೇ ತರಗತಿಯಲ್ಲಿ ಫೇಲಾಗಿ ಶಾಲೆ ಬಿಟ್ಟವನು. ಅಕ್ಕ ಓದಿದಳು, ಕೊರಟಗೆರೆ ಕಡೆಯ ಹಳ್ಳಿಯೊಂದರಲ್ಲಿ ಟೀಚರಾದಳು. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾಳೆ. ನನ್ನ ಮಕ್ಕಳನ್ನು ಓದಿಸುವವಳೂ ಅವಳೇ.

ಮೂರು ವರ್ಷದ ಹಿಂದೆ ಮುಖ್ಯಶಿಕ್ಷಕರ ಬಡ್ತಿ ಪಟ್ಟಿಯಲ್ಲಿ ಅವಳ ಹೆಸರು ಬಂತು. ಆ ಸಂಜೆ ಖುಷಿಗೆ ದಪ್ಪ ಇಂಗ್ಲಿಷ್ ನಿಘಂಟು ತೆರೆದು ಕೂತಳು.

"ಪ್ರಮೋಷನ್ ಅನ್ನೋದು ಲ್ಯಾಟಿನ್ ಮಾತಿಂದ ಬಂದಿದ್ದು ಕಣ್ಲಾ. ಮುಂದಕ್ಕೆ ಸರಿಸೋದು ಅಂತ. ಆರುನೂರು ವರ್ಷದ ಹಿಂದೆ ಇಂಗ್ಲೆಂಡಲ್ಲಿ ಪಾದ್ರಿಗೆ ದೊಡ್ಡ ಚರ್ಚು ಸಿಕ್ಕಿದ್ರೆ ಅದಕ್ಕೂ ಪ್ರಮೋಷನ್ ಅಂತಿದ್ರಂತೆ. ಚರ್ಚಿನ ಜಮೀನಿನ ಫಸಲೂ ಅವನಿಗೇ."

"ನಮ್ಮ ಪೂಜಾರಿಗೆ ಮಾನ್ಯದ ಹೊಲ ಸಿಕ್ಕಂಗೆ," ಅಂದೆ. "ದೊಡ್ಡೋರ ಕಾಲು ಹಿಡೀಬೇಕಿತ್ತೇನೋ."

"ಹೂಂ, ಅಲ್ಲಿನ ಜಮೀನ್ದಾರರು ಮನಸ್ಸು ಮಾಡ್ಬೇಕಿತ್ತು. ತಾನಾಗೇ ಹೋಗೋದಲ್ಲ, ಇನ್ನೊಬ್ಬ ಸರಿಸ್ಬೇಕು."

"ಕುರೀನ ಹಿಂದಿಂದ ನೂಕ್ದಂಗೆ ಅನ್ನು. ಅದಕ್ಕೊಂದು ಶಾಲು ಬೇರೆ."

ಅವಳು ನಕ್ಕಳು. "ಬಾಯ್ಮುಚ್ಕೊಂಡು ಉಣ್ಲಾ. ನನ್ನ ಯಾರೂ ನೂಕಿಲ್ಲ. ಇಪ್ಪತ್ತಾರು ವರ್ಷ ಕಾದಿದ್ದೀನಿ."

ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಅಷ್ಟರಲ್ಲಿ, ಖಾಲಿ ಜಾಗಗಳೆಲ್ಲ ಪಾವಗಡ ತಾಲ್ಲೂಕಿನ ನಿಡುಗಲ್ ಕಡೆ, ಇಲ್ಲವೇ ಶಿರಾದ ಮೂಲೆ ಹಳ್ಳಿಗಳಲ್ಲಿ ಎಂದು ಸುದ್ದಿ ಹಬ್ಬಿತು. ದೂರ ಹೋಗಲಾರದವರು ಬಡ್ತಿ ಬೇಡವೆಂದು ಬರೆದುಕೊಡಬಹುದು. ಮನೆ ಬಿಟ್ಟಿರಲಾರದ ಮೇಡಂಗಳು ಎಷ್ಟೋ ಜನ ಕೊಡುತ್ತಾರೆ. ನಾಲ್ಕು ದಿನ ಅದನ್ನೇ ಕೊರೆದೆ. "ಮೊಣಕಾಲು ನೋವಿಟ್ಕೊಂಡು ಆ ಬಸ್ಸಲ್ಲಿ ಹೆಂಗಕ್ಕಾ ಓಡಾಡ್ತೀಯ? ಮಕ್ಕಳ ಓದು ಏನಾಗ್ಬೇಕು?" ಕೊನೆಗೆ ಅಕ್ಕ ಪತ್ರ ಬರೆದಳು. ಕೊಡಬೇಕಾದ ದಿನ ಅವಳಿಗೆ ಜ್ವರ. ಪತ್ರವನ್ನು ನನ್ನ ಕೈಗಿಟ್ಟು, "ಹತ್ರದ ಜಾಗ ಏನಾದ್ರೂ ಇದ್ರೆ ಕೊಡಬ್ಯಾಡ, ಫೋನ್ ಮಾಡು, ಹೆಂಗೋ ಬಂದು ಆರಿಸ್ಕೊತೀನಿ" ಅಂದಳು.

ಶಿಕ್ಷಣ ಇಲಾಖೆ ಕಚೇರಿಯ ಗೋಡೆಗೆ ಖಾಲಿ ಜಾಗಗಳ ಪಟ್ಟಿ ಅಂಟಿಸಿದ್ದರು. ಕನ್ನಡ ಓದಲು ನನಗೆ ಚೆನ್ನಾಗಿಯೇ ಬರುತ್ತದೆ. ನಾಲ್ಕನೇ ಸಾಲಿನಲ್ಲಿ ಕೊಡಿಗೇನಹಳ್ಳಿ ಇತ್ತು. ಹಿಂದೂಪುರದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಮನೆಯನ್ನೂ ಬಿಡಬೇಕಿರಲಿಲ್ಲ, ಮಕ್ಕಳನ್ನೂ ಬಿಡಬೇಕಿರಲಿಲ್ಲ. ಫೋನು ಜೇಬಿನಲ್ಲಿತ್ತು. ಇನ್ನು ಮೇಲೆ ಜನ ನನ್ನನ್ನು ಹೆಡ್ ಮೇಡಂ ತಮ್ಮ ಎನ್ನುತ್ತಾರೆ ಎಂಬುದೊಂದೇ ತಲೆಗೆ ಬಂತು. ಪತ್ರ ಕೊಟ್ಟೆ.

"ಯಾಕ್ರೀ, ಹತ್ರದ್ದೇ ಇದೆಯಲ್ಲ?" ಎಂದು ಗುಮಾಸ್ತ ಕೇಳಿದ.

"ಮನೇಲಿ ಕಷ್ಟ ಸಾರ್," ಅಂದೆ.

ಅಸಡ್ಡೆ, ಅಸಡ್ಡೆ ಎಂದು ಇಷ್ಟು ವರ್ಷ ಮೆರೆಸಿದ್ದು ಬರೀ ಹೊಟ್ಟೆಕಿಚ್ಚು. ಅದೂ ತೀರಾ ಅಗ್ಗದ ಸರಕು.

ತಿಂಗಳೊಳಗೆ ಅಕ್ಕನಿಗೆ ಸುಳಿವು ಸಿಕ್ಕಿತು. ಚೀಲ ಇಳಿಸುತ್ತಲೇ ಕೇಳಿದಳು, "ಕೊಡಿಗೇನಹಳ್ಳಿ ಪಟ್ಟೀಲಿತ್ತಂತಲ್ಲ?"

"ನಾನೋದಾಗ ಇರ್ಲಿಲ್ಲಕ್ಕ. ಆಮೇಲೆ ಸೇರ್ಸಿರ್ತಾರೆ."

"ಮಾಡಿರ್ತಾರೆ ಬುಡು," ಎಂದು ಕಾಲು ತೊಳೆಯಲು ಹೋದಳು.

ಅವಳ ಶಾಲೆಗೆ ಈಗ ಅವಳಿಗಿಂತ ಎಂಟು ವರ್ಷ ಚಿಕ್ಕವನು ಹೆಡ್ ಮಾಸ್ಟರು. ರಜೆ ಬೇಕಾದರೆ ಅವನ ಮೇಜಿನ ಮುಂದೆ ನಿಂತು ಕೇಳುತ್ತಾಳೆ. ಯಾಕೆ ಬಡ್ತಿ ಬಿಟ್ಟಿರಿ ಎಂದು ಬಂದವರು ಕೇಳಿದರೆ, "ನನ್ನ ಕಾಲು ನೋಡಿ ನನ್ನ ತಮ್ಮ ಕಳಿಸ್ಲಿಲ್ಲ ಕಣಮ್ಮ" ಅನ್ನುತ್ತಾಳೆ, ಹೆಮ್ಮೆಯಿಂದಲೇ. ನಾನು ಅಲ್ಲೇ ಪಕ್ಕದಲ್ಲಿ ಕೂತು ಅವಳು ಬಡಿಸಿದ್ದನ್ನು ಉಣ್ಣುತ್ತಿರುತ್ತೇನೆ.