ನುಂಗುವವರ ನಡುವೆ ಒಂದು ದವಡೆ

ನಮ್ಮ ಕಡೆ ಮುದ್ದೆಯನ್ನು ಅಗಿದು ತಿನ್ನುವವರಿಗೆ ಮರ್ಯಾದೆ ಇಲ್ಲ. ಸಾರಿನಲ್ಲಿ ಅದ್ದಬೇಕು, ನುಂಗಬೇಕು, ಅಷ್ಟೇ. (ಹೊರಗಿನವರು ಅಗಿಯುವುದನ್ನು ಕಂಡರೆ ನಗುತ್ತೇವೆ. ಕೆಟ್ಟ ಚಾಳಿ.) ಹಾಗಾಗಿ ಮಲ್ಲಿಪಟ್ಟಣದ ನನ್ನ ತಂಗಿಯ ಮಗಳು ಚೈತ್ರಾ ಎರಡು ಹೊತ್ತೂ ಮುದ್ದೆಯೇ ಬೇಕು ಅಂದಾಗ ಮನೆಮಂದಿಯೆಲ್ಲ ಬೀಗಿದೆವು. ಈ ಕಾಲದ ಹುಡುಗಿ, ಪಿಜ್ಜಾ ಮುಟ್ಟುವುದಿಲ್ಲ, ಎಂಥ ಸಂಸ್ಕಾರ!

ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಅಗಿಯಲು ಆಗುತ್ತಿರಲಿಲ್ಲ.

ಅದು ಗೊತ್ತಾಗಿದ್ದು ಹೋದ ತಿಂಗಳು, ಅವಳು ಹಾಸನದ ನಮ್ಮ ಮನೆಗೆ ಬಂದಾಗ. ನನ್ನ ಹೆಂಡತಿ ಚಪಾತಿ ಮಾಡಿದ್ದಳು. ಹುಡುಗಿ ಅದನ್ನು ಚೂರುಚೂರು ಮಾಡಿ, ಸಾಗುವಿನಲ್ಲಿ ನೆನೆಸಿ, ಹಾಗೇ ನುಂಗುತ್ತಿದ್ದಳು. ಯಾಕಮ್ಮ ಅಂದೆ. "ಮುಂದಿನ್ ಹಲ್ಲು ಒಂದಕ್ಕೊಂದು ಸಿಗಲ್ಲ ಮಾವ. ಮೊದ್ಲಿಂದ್ಲೂ ಇಂಗೇ" ಅಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳ ಕೆಳದವಡೆ ಮುಂದೆ ಬಂದಿರುವುದನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇವೆ. ತಾತನ ಮುಖಲಕ್ಷಣ ಬಂದಿದೆ ಅಂತ ಸುಮ್ಮನಿದ್ದೆವು.

ಮರುದಿನವೇ ಅವಳನ್ನು ಡೆಂಟಲ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೋರಿಸಿದರು. "ತೊಂದರೆ ಇರೋದು ಹಲ್ಲಲ್ಲಲ್ಲ, ಮೂಳೇಲಿ. ಕ್ಲಿಪ್ ಒಂದೇ ಸಾಕಾಗಲ್ಲ. ಮೊದಲು ಕ್ಲಿಪ್ ಹಾಕಿ ಹಲ್ಲು ಸಾಲು ಮಾಡಿ, ಆಮೇಲೆ ಆಪರೇಷನ್ ಮಾಡಿ ದವಡೆ ಸರಿಸಿ ಕೂರಿಸಬೇಕು. ಮೂಳೆ ಬೆಳೆಯೋದು ನಿಂತಿದೆ, ಈಗ ಮಾಡಬಹುದು" ಅಂದರು. ಆಗ ಚೈತ್ರಾ ಒಂದೊಂದೇ ಬಾಯಿಬಿಟ್ಟಳು: ಕಿವಿ ಹತ್ತಿರ ನೋವು, ಕೆಲವು ಅಕ್ಷರ ತೊದಲುವುದು, ಮದುವೆಮನೆಯಲ್ಲಿ ಹಸಿವಿಲ್ಲ ಎಂದು ಎದ್ದು ಬರುವುದು. ಇದನ್ನೆಲ್ಲ ನಾವ್ಯಾರೂ ಕೇಳಿರಲೇ ಇಲ್ಲ.

ಸಂಜೆ ತಂಗಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವಳು ಕೂಗಾಡಲಿಲ್ಲ, ಬೇಡಿಕೊಂಡಳು. "ಮದ್ವೆ ಆಗೋ ಉಡ್ಗಿ ಮಕಕ್ಕೆ ಕತ್ರಿ ಆಕುಸ್ತೀಯಾ? ಚನ್ರಾಯಪಟ್ಣದೋರು ನೋಡ್ಕಂಡು ಓಗವ್ರೆ, ಇಂಗಿದ್ರೂ ಒಪ್ಪವ್ರೆ ಕಣಣ್ಣ. ಇನ್ಯಾಕೆ ಆಪ್ರೇಸನ್ನು, ಬುಡು."

ಅವಳ ಭಯ ಸುಳ್ಳಲ್ಲ. ಬಾವು ಬರುತ್ತದೆ, ವಾರಗಟ್ಟಲೆ ಗಂಜಿ, ತುಟಿ ಕೆಲಕಾಲ ಜೋಮು ಹಿಡಿಯಬಹುದು, ಒಮ್ಮೊಮ್ಮೆ ಪೂರ್ತಿ ಹೋಗದೆಯೂ ಉಳಿಯಬಹುದು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಆದರೆ ತಂಗಿ ಆಡಿದ್ದು ಬೇರೆ ಮಾತು. ಗಂಡಿನ ಕಡೆಯವರು ಒಪ್ಪಿಬಿಟ್ಟರೆ ಹೆಣ್ಣಿನ ಮುಖಕ್ಕೆ ಇನ್ನೇನೂ ಕೆಲಸ ಇಲ್ಲವೇ? (ನಾನೂ ಎಷ್ಟು ಸಂಬಂಧ ಕುದುರಿಸಿದ್ದೇನೆ. ಯಾವ ಹುಡುಗಿಯನ್ನೂ ಊಟ ಮಾಡಲು ಆಗುತ್ತದಾ ಅಂತ ಕೇಳಿದವನಲ್ಲ.)

ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲೇ ಇದ್ದ ಚೈತ್ರಾ ಫೋನ್ ಇಸಿದುಕೊಂಡು ಮೆಲ್ಲಗೆ ಅಂದಳು:

"ಅವ್ರು ಒಪ್ಕಂಡ್ರು ಸರಿ ಕಣವ್ವ. ಅಗಿಯೋರು ಯಾರು?"