ಎದೆಯಲ್ಲಿ ನೀರು ಏರಿದರೆ

ನನ್ನ ಗಂಡ ಜೋಳ ತುಂಬಿದ ಚೀಲವನ್ನು ಒಂದೇ ದಮ್ಮಿಗೆ ಹೆಗಲಿಗೇರಿಸುತ್ತಿದ್ದರು. ಅಂಥವರು ಹಿಮಾಲಯದ ಯಾತ್ರೆಯಲ್ಲಿ ಉಸಿರು ಸಿಗದೆ ಸತ್ತರೆಂದರೆ ಕೃಷ್ಣೆಯ ದಡದ ನಮ್ಮೂರು ತಂಗಡಗಿಯಲ್ಲಿ ಯಾರೂ ನಂಬುವುದಿಲ್ಲ. ಮೊದಲೇ ಎದೆಯ ಬೇನೆ ಇತ್ತು, ನಾನು ಮುಚ್ಚಿಟ್ಟೆ ಎಂದು ಕೆಲವರು ಆಡಿಕೊಂಡರು. ದೇವರ ಹತ್ತಿರ ಪ್ರಾಣ ಬಿಟ್ಟ ಪುಣ್ಯವಂತ ಎಂದು ಉಳಿದವರು. ನನಗೆ ಹೆಚ್ಚು ಸಿಟ್ಟು ಬರುವುದು ಈ ಪುಣ್ಯದ ಮಾತಿಗೆ.

ಮುದ್ದೇಬಿಹಾಳದ ಡಾಕ್ಟರೊಬ್ಬರು ನನಗೆ ಬಿಡಿಸಿ ಹೇಳಿದ್ದರು. ಎತ್ತರದಲ್ಲಿ ಗಾಳಿ ತೆಳು. ಪ್ರಾಣವಾಯು ಸಾಲದೆ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅವುಗಳೊಳಗೆ ರಕ್ತ ದೂಡಲು ಹೃದಯ ಹೆಣಗುತ್ತದೆ. ಆ ಒತ್ತಡಕ್ಕೆ ನೀರು ಸೋರಿ ಶ್ವಾಸಕೋಶ ತುಂಬುತ್ತದೆ. ಗಟ್ಟಿ ಆಳಿಗೂ ಹೀಗಾಗುತ್ತದೆ. ಕೂಡಲೇ ಕೆಳಗಿಳಿಸಿದ್ದರೆ ಬಹುಶಃ ಉಳಿಯುತ್ತಿದ್ದರು. ಜೊತೆಗಿದ್ದವರು ಶೀತವೆಂದು ಕಂಬಳಿ ಹೊದಿಸಿ, ಅರಿಷಿಣ ಹಾಕಿದ ಹಾಲು ಕುಡಿಸಿ, ದರ್ಶನ ಮುಗಿಸಿಯೇ ಇಳಿಯೋಣವೆಂದು ಕಾದರು.

ಅಣ್ಣ ಅರ್ಧಕ್ಕೆ ಬಿಟ್ಟ ಹರಕೆಯನ್ನು ತಮ್ಮ ತೀರಿಸಬೇಕೆಂದು ಈ ವರ್ಷ ನನ್ನ ಮೈದುನ ಹೊರಟ. ಅದೇ ಮೈಕಟ್ಟು, ಅದೇ ಹಟ.

“ಒಮ್ಮೆಲೇ ಏರಬ್ಯಾಡ ತಮ್ಮಾ, ನಡುವ ಉಳಕೋತ ಹೋಗು. ಕೂತಲ್ಲೇ ದಮ್ಮು ಹತ್ತಿದ್ರ ಇಳದ ಬಾ,” ಎಂದೆ.

“ಗುಡಿ ಕಣ್ಣಿಗಿ ಕಾಣೂವಾಗ ಬೆನ್ನು ತೋರಿಸಿ ಬರ್ಲೇನ್ರಿ ವೈನಿ? ಊರ ಮಂದಿ ನನಗ ಬಳಿ ತೊಡಸ್ತಾರ,” ಎಂದು ನಕ್ಕ.

“ತೊಡಸಲಿ. ನಿನ್ನ ಹೇಣ್ತಿ ಬಳಿ ಒಡಿಯೂದಕ್ಕಿಂತ ಅದ ಚಲೋ.”

ಅವನ ನಗು ನಿಂತಿತು. ನಾನು ಬಿಡಲಿಲ್ಲ. “ಹೊಳಿ ಏರಿದಾಗ ಏನ ಮಾಡ್ತಿ?”

“ಮ್ಯಾಲಿನ ಓಣಿಗಿ ಓಡ್ತೀವ್ರಿ. ಕೃಷ್ಣಿ ಮುಂದ ಯಾರ ಸೊಕ್ಕು ನಡೀತೈತಿ?”

“ಅಲ್ಲಿ ನೀರು ಎದ್ಯಾಗ ಏರತೈತಿ. ಅದಕ ಕೆಳಗ ಓಡಬೇಕು.”

ಮನೆಗೆ ಬಂದವರಿಗೆಲ್ಲ ಮಗನದು ಪುಣ್ಯದ ಸಾವು ಎನ್ನುತ್ತಿದ್ದ ನನ್ನ ಅತ್ತೆ ಅಲ್ಲೇ ರೊಟ್ಟಿಯ ಗಂಟು ಕಟ್ಟುತ್ತಿದ್ದರು. ತಲೆ ಎತ್ತದೆ, “ಇಳದ ಬಾರೋ. ಒಂದ ಪುಣ್ಯ ಸಾಕು ನನಗ,” ಎಂದರು.

“ಆತು ಬಿಡ್ರಿ,” ಎಂದ ಮೈದುನ. ಅವರಣ್ಣನೂ ಯಾವ ಮಾತಿಗೂ ಹೀಗೇ ಎಂದು ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಅವನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಅಡ್ಡ ನಿಂತೆ.

“ಹಂಗಲ್ಲ. ಇಳೀತೇನಿ ಅನ್ನು.”

ಹೊರಗೆ ಜೀಪಿನವ ಹಾರ್ನ್ ಹೊಡೆಯುತ್ತಿದ್ದ.

“ಇಳೀತೇನ್ರಿ ವೈನಿ, ಇಳೀತೇನಿ! ಬಿಡ್ರಿ ಇನ್ನ!” ಎಂದು ಸಿಡುಕಿದ.

ಬಿಟ್ಟೆ. ಅದು ನನಗೆ ಕೊಟ್ಟ ಮಾತೋ, ಬಾಗಿಲು ದಾಟಲು ಆಡಿದ ಮಾತೋ, ಅವನು ತಿರುಗಿ ಬರುವವರೆಗೆ ತಿಳಿಯುವುದಿಲ್ಲ.