ಮಂಜುಳಾಗೆ ಆರು, ಶೋಭಾಗೆ ತೊಂಬತ್ತೆರಡು

ಮಂಜುಳಾಗೆ ನೂರಕ್ಕೆ ಆರು! ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಈ ಅಂಕಿ ಕಂಡಾಗ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆರೇ.

ಇದು ಪರೀಕ್ಷೆಯ ಅಂಕವಲ್ಲ. ನಾನು ಅರ್ಥಶಾಸ್ತ್ರ ಪಾಠ ಮಾಡುವ ಕಾಲೇಜಿನಲ್ಲಿ ಈ ವರ್ಷದಿಂದ ವಾರಕ್ಕೆ ನಾಲ್ಕು ದಿನ ತರಗತಿ, ಎರಡು ದಿನ ಮನೆಯಿಂದಲೇ ಆನ್‌ಲೈನ್ ವಿಡಿಯೋ. ಯಾರು ಎಷ್ಟು ಮನಸ್ಸಿಟ್ಟು ಕಲಿಯುತ್ತಿದ್ದಾರೆ ಎಂದು ಒಂದು ಆ್ಯಪ್ ಅಳೆಯುತ್ತದೆ. (ಮನಸ್ಸು ಅದಕ್ಕೆಲ್ಲಿ ಕಂಡಿತೋ!) ನಲವತ್ತಕ್ಕಿಂತ ಕಡಿಮೆ ಬಂದರೆ ಇಂಟರ್ನಲ್ ಮಾರ್ಕ್ಸ್ ಇಲ್ಲ. ಪಟ್ಟಿ ಕಳಿಸಲು ತಿಂಗಳ ಕೊನೆಯವರೆಗೆ ಸಮಯ.

ನನ್ನದೂ ಒಂದು ಅಳತೆ ಇದೆ. ನೋಟ್‌ಬುಕ್. ಕ್ಲಾಸಿನಲ್ಲಿ ಯಾರು ಪ್ರಶ್ನೆ ಕೇಳಿದರೂ ಹೆಸರಿನ ಮುಂದೆ ತಾರೀಖು ಹಾಕಿ ಒಂದು ಗೆರೆ ಎಳೆಯುತ್ತೇನೆ. ಮಂಜುಳಾಗೆ ಹದಿನೇಳು ಗೆರೆ, ಇಡೀ ಕ್ಲಾಸಿಗೇ ಹೆಚ್ಚು. ಅವಳ ಪಕ್ಕ ಕೂರುವ ಶೋಭಾಗೆ ಸೊನ್ನೆ. ಆ್ಯಪ್‌ನಲ್ಲಿ ಅದೇ ಶೋಭಾಗೆ ತೊಂಬತ್ತೆರಡು!

ಮಂಗಳವಾರ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆದೆ.

"ವಿಡಿಯೋ ಯಾಕಮ್ಮ ನೋಡಿಲ್ಲ?"

"ನೋಡಿದ್ದೀನಿ ಮೇಡಂ. ಒಂದೊಂದ್ನೂ ಮೂರ್ ಸಲ," ಎಂದಳು ಮಂಜುಳಾ.

ಶೋಭಾ ನಡುವೆ ಬಾಯಿ ಹಾಕಿದಳು. "ನನ್ ಫೋನಲ್ಲಿ ಮೇಡಂ. ಆ್ಯಪು ಒಂದ್ ಫೋನಿಗೆ ಒಂದೇ ಹೆಸ್ರು ತಗೊಳ್ಳೋದು, ಅದಕ್ಕೆ ನನ್ ಹೆಸ್ರಲ್ಲೇ. ಇವಳ ಮನೇಲಿರೋ ಒಂದ್ ಫೋನು ಅವರಮ್ಮನ ಜೊತೆ ಗಾರ್ಮೆಂಟ್ಸಿಗೆ ಹೋಯ್ತದೆ. ಹೊಳವನಹಳ್ಳಿ ಬಸ್ ಸ್ಟಾಪಲ್ಲಿ ಸಿಗ್ನಲ್ ಚೆನ್ನಾಗಿ ಸಿಗ್ತದೆ, ಇಬ್ರೂ ಅಲ್ಲೇ ಕೂತ್ಕೊಂಡ್ಬುಡ್ತೀವಿ. ನಿಲ್ಸಿ ನಿಲ್ಸಿ ಇವಳೇ ನಂಗೆ ಹೇಳ್ಕೊಡೋದು."

ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಿದಷ್ಟೂ ಆ್ಯಪ್ ಅಂಕ ಏರಿಸುತ್ತದೆ. ಅಂದರೆ ಬೆರಳು ಮಂಜುಳಾಳದು, ಅಂಕ ಶೋಭಾಳದು! ಗೆದ್ದವಳ ಹಾಗೆ ನೋಟ್‌ಬುಕ್ ತೆರೆದೆ. "ನೋಡಿ, ನನ್ನ ಲೆಕ್ಕ ತಪ್ಪಲ್ಲ. ಮಂಜುಳಾ ಹದಿನೇಳು, ಶೋಭಾ ಸೊನ್ನೆ."

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅದ್ರಲ್ಲಿ ಅರ್ಧಕ್ಕರ್ಧ ಇವಳ ಡೌಟು ಮೇಡಂ," ಎಂದಳು ಮಂಜುಳಾ. "ಎದ್ದು ಕೇಳೇ ಅಂದ್ರೆ ನಾಚ್ಕೆ. ಪೆನ್ನಲ್ಲಿ ನನ್ ಪಕ್ಕೆಗೆ ತಿವೀತಾಳೆ, ನಾನ್ ಎದ್ ಕೇಳ್ತೀನಿ."

"ಲೇ, ಸುಮ್ಕಿರೇ! ಇರೋದೂ ಹೋಯ್ತದೆ!" ಎಂದು ಗದರಿದ ಶೋಭಾ ನನ್ನತ್ತ ತಿರುಗಿದಳು. "ಮೇಡಂ, ನನ್ ತೊಂಬತ್ತೆರಡ್ರಲ್ಲಿ ಅರ್ಧ ಇವಳಿಗೆ ಕೊಟ್ಬುಡಿ. ಇಬ್ರೂ ನಲವತ್ತು ದಾಟ್ಬುಡ್ತೀವಿ."

ನೋಟ್‌ಬುಕ್ ಮುಚ್ಚಿದೆ. ಆ್ಯಪ್ ಒಬ್ಬಳ ಕಲಿಕೆಯನ್ನು ಇನ್ನೊಬ್ಬಳ ಹೆಸರಿಗೆ ಬರೆದಿತ್ತು ಸರಿ. ನಾನು ಮಾಡಿದ್ದೇನು?

ವಿಭಾಗದ ಮುಖ್ಯಸ್ಥರನ್ನು ಕೇಳಿದೆ. "ಅಂಕಿ ತಿದ್ದಕ್ಕಾಗಲ್ಲ ಕಣಮ್ಮ. ಕಾರಣ ಇದ್ರೆ ರಿಮಾರ್ಕ್ಸ್ ಕಾಲಂನಲ್ಲಿ ಬರಿ, ನೋಡಿ ಮಾರ್ಕ್ಸ್ ಕೊಡ್ತಾರೆ. ಅದ್ರಲ್ಲಿ ಇಪ್ಪತ್ತೇ ಅಕ್ಷರ ಹಿಡಿಸೋದು."

ನಾಲ್ಕು ಸಲ ಬರೆದೆ, ನಾಲ್ಕೂ ಸಲ ಹೊಡೆದುಹಾಕಿದೆ. ಗೆಳತಿಯ ಫೋನಿನಲ್ಲಿ ನೋಡಿದ್ದಾಳೆ ಎಂದು ಬರೆದರೆ ಆ ಗೆಳತಿಯ ತೊಂಬತ್ತೆರಡಕ್ಕೆ ಸಂಚಕಾರ. ಬರೆಯದಿದ್ದರೆ ಮಂಜುಳಾಗೆ ಆರೇ ಗತಿ.

ತಿಂಗಳು ಮುಗಿಯಲು ಒಂಬತ್ತು ದಿನವಿದೆ. ಇಪ್ಪತ್ತೇ ಅಕ್ಷರ. ನೀವಾದರೆ ಏನು ಬರೆಯುತ್ತೀರಿ?